ಜೀವವಿಕಾಸಕ್ಕೆ ಪ್ರಮಾಣವೇನು?

‘ವಿಕಾಸವಾದ’ ಎಂಬ ಶಬ್ದವು ನಮ್ಮ ಪಠ್ಯಪುಸ್ತಕಗಳಲ್ಲಿ ಬಹುಕಾಲದಿಂದ ರೂಢವಾಗಿದೆ. ಈ ಸಮಾಸದ ಉತ್ತರಪದವೇ ಅನೇಕ ತಪ್ಪು ತಿಳಿವಳಿಕೆಗಳಿಗೆ ಎಡೆಗೊಟ್ಟಿದೆಯೆಂದು ನನಗೆ ತೋರುತ್ತದೆ. ವಾದವೆಂದೊಡನೆಯೇ ಅದಕ್ಕೊಂದು ಪ್ರತಿವಾದವಿರಬೇಕು, ಎರಡೂ ಒಂದೊಂದು ಅಭಿಪ್ರಾಯ, ಬೇಕಾದವರು ಬೇಕಾದುದನ್ನು ನಂಬಿಕೊಳ್ಳಬಹುದು ಎಂಬ ಭಾವನೆ ಓದುಗನಲ್ಲಿ ಮೂಡುತ್ತದೆ. ಶಾಸ್ತ್ರಪರಿಭಾಷೆಯಲ್ಲಿ ಪೂರ್ವಪಕ್ಷವನ್ನು ಮೊದಲು ಮಂಡಿಸಿ, ಅದರ ಆಕ್ಷೇಪಗಳನ್ನು ಒಂದೊಂದಾಗಿ ಪರಿಶೀಲಿಸಿ ಪರಿಹರಿಸಿದ ಮೇಲೆ ಉಳಿದು ನಿಲ್ಲುವ ನಿರ್ಣಯಕ್ಕೆ ‘ಸಿದ್ಧಾಂತ’ವೆಂದು ಹೆಸರು. 1858ರ ಜುಲೈ 1ರಂದು ಲಂಡನ್ನಿನ ಲಿನೀಯನ್ ಸೊಸೈಟಿಯಲ್ಲಿ ಚಾರ್ಲ್ಸ್ ಡಾರ್ವಿನ್ ಮತ್ತು ಆಲ್ಫ್ರೆಡ್ ರಸೆಲ್ ವಾಲೆಸ್ ಇವರ ಬರಹಗಳು ಓದಲ್ಪಟ್ಟವು. ಮರುವರ್ಷ ನವೆಂಬರದಲ್ಲಿ ಡಾರ್ವಿನ್ನನ ಗ್ರಂಥ ಪ್ರಕಟವಾಯಿತು. ಅಂದಿನಿಂದ ಇಂದಿನವರೆಗೆ ಇದರ ಮೇಲೆ ಬಂದ ಪೂರ್ವಪಕ್ಷಗಳಿಗೆ ಲೆಕ್ಕವಿಲ್ಲ. ಅವುಗಳನ್ನೆಲ್ಲ ಎದುರಿಸಿ ನಿಂತಿರುವುದನ್ನು ‘ವಿಕಾಸಸಿದ್ಧಾಂತ’ವೆಂದು ಕರೆಯುವುದೇ ಯುಕ್ತವಾದುದು.

ಇಂದು ಬಾಳುತ್ತಿರುವ ಜೀವಜಾತಿಗಳೆಲ್ಲ ಹಿಂದೆ ಇದ್ದ ಬೇರೆ ರೂಪದ ಜೀವಿಗಳಿಂದ, ತಲೆಮಾರಿನಿಂದ ತಲೆಮಾರಿಗೆ ಸ್ವಲ್ಪ ಸ್ವಲ್ಪವಾಗಿ ಬದಲಾಗುತ್ತ, ಕವಲೊಡೆಯುತ್ತ ಬಂದಿವೆ. ಹಿಂದಕ್ಕೆ ಹೋದಷ್ಟೂ ಆ ಕವಲುಗಳು ಒಂದರೊಳಗೊಂದು ಕೂಡಿಕೊಳ್ಳುತ್ತವೆ. ಇದು ಸಿದ್ಧಾಂತದ ತಿರುಳು. ಕನ್ನಡ ಕಲಿಸುವವನಿಗೆ ಈ ವಿಷಯವೇಕೆಂದು ವಿಜ್ಞಾನದ ಸಹೋದ್ಯೋಗಿಗಳು ನಗಬಹುದು. ಕಾರಣವಿದೆ. 2023ರಲ್ಲಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತಿನ, ಎಂದರೆ ಎನ್.ಸಿ.ಇ.ಆರ್.ಟಿ.ಯ, ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದೊಳಗಿನ ‘ಅನುವಂಶೀಯತೆ ಮತ್ತು ವಿಕಾಸ’ ಎಂಬ ಅಧ್ಯಾಯದಲ್ಲಿ ವಿಕಾಸದ ಭಾಗ ಬಿಟ್ಟುಹೋಗಿ ಅನುವಂಶೀಯತೆ ಮಾತ್ರ ಉಳಿಯಿತು. ಮುಂದೆ ವಿಜ್ಞಾನ ವಿಭಾಗದಲ್ಲಿ ಜೀವಶಾಸ್ತ್ರವನ್ನು ಆರಿಸಿಕೊಳ್ಳುವವರು ಹನ್ನೆರಡನೆಯ ತರಗತಿಯಲ್ಲಿ ಅದನ್ನು ಓದುತ್ತಾರೆ. ಕಲೆ, ವಾಣಿಜ್ಯಗಳಿಗೆ ಹೋಗುವವರು ಓದುವುದಿಲ್ಲ. ದೇಶದ 1,800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಆಗ ಬಹಿರಂಗ ಪತ್ರಕ್ಕೆ ಸಹಿ ಹಾಕಿ ಇದನ್ನು ವಿರೋಧಿಸಿದರು. ನನ್ನ ತರಗತಿಯಲ್ಲಿ ಕುಳಿತುಕೊಳ್ಳುವವರಲ್ಲಿ ಹೆಚ್ಚಿನವರು ಹೀಗೆ ಓದದೆ ಹೋಗುವವರೇ ಆದುದರಿಂದ, ನನಗೆ ಗೊತ್ತಿರುವ ದಾರಿಯಿಂದಲೇ ಅವರನ್ನು ಈ ವಿಷಯದತ್ತ ಕರೆದೊಯ್ಯಲು ಇಲ್ಲಿ ಪ್ರಯತ್ನಿಸಿದ್ದೇನೆ.

ಎಲ್ಲಕ್ಕಿಂತ ಮೊದಲು ಕೇಳಿಬರುವ ಪೂರ್ವಪಕ್ಷವೊಂದಿದೆ. “ಗುರುಗಳ, ಮಂಗ್ಯಾ ಮನಷ್ಯಾ ಆಗೂದನ್ನ ಯಾರರೆ ನೋಡ್ಯಾರೇನ್ರಿ?” ಎಂದು ಬಬಲೇಶ್ವರದ ಕಡೆಯ ಹುಡುಗನೊಬ್ಬ ತರಗತಿಯಲ್ಲಿ ಕೇಳಿದಾಗ ಉಳಿದವರೆಲ್ಲ ನಕ್ಕರು. ಪ್ರಶ್ನೆ ನಗುವಂಥದಲ್ಲ. 2018ರ ಜನವರಿಯಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಖಾತೆಯ ರಾಜ್ಯ ಸಚಿವರೊಬ್ಬರು ಇದೇ ಮಾತನ್ನು ಸಭೆಯಲ್ಲಿ ಆಡಿದ್ದರು. ನಮ್ಮ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಅದಕ್ಕೆ ಉತ್ತರ ಕೊಡಬೇಕಾಯಿತು. ಹುಡುಗನ ಆಕ್ಷೇಪದ ಒಳಗಿರುವುದು ಪ್ರಮಾಣದ ಪ್ರಶ್ನೆ. ಪ್ರತ್ಯಕ್ಷವೊಂದೇ ಪ್ರಮಾಣವೇ?

ನ್ಯಾಯಶಾಸ್ತ್ರವು ಪ್ರತ್ಯಕ್ಷದ ಜೊತೆಗೆ ಅನುಮಾನವನ್ನೂ ಪ್ರಮಾಣವೆಂದು ಒಪ್ಪುತ್ತದೆ. ಅದರಲ್ಲಿಯೂ ಕಾರ್ಯವನ್ನು ನೋಡಿ ಕಾರಣವನ್ನು ಊಹಿಸುವುದಕ್ಕೆ ‘ಶೇಷವತ್’ ಎಂದು ಹೆಸರು. ತುಂಬಿ ಹರಿಯುವ ಹೊಳೆಯನ್ನು ಕಂಡು ಮೇಲ್ಗಡೆ ಮಳೆಯಾಗಿದೆಯೆಂದು ತಿಳಿಯುವುದು ಅದಕ್ಕೆ ಹಳೆಯ ಉದಾಹರಣೆ. ನಮ್ಮ ಡೋಣಿಯ ದಂಡೆಯ ರೈತನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಇಲ್ಲಿ ಬಿಸಿಲು ಕಾಯುತ್ತಿರುವಾಗ ಹೊಳೆ ರಾಡಿಯಾಗಿ ಏರಿ ಬಂದರೆ ಜತ್ತ ಸೀಮೆಯಲ್ಲಿ ಮಳೆ ಬಿದ್ದಿತೆಂದು ಅವನು ನಿಶ್ಚಯವಾಗಿ ಹೇಳುತ್ತಾನೆ. ಮಳೆಯನ್ನು ಅವನು ಕಂಡಿಲ್ಲ. ಆದರೂ ಅವನ ಜ್ಞಾನ ಸಂಶಯವಲ್ಲ. ಕಳ್ಳತನವನ್ನು ಕಣ್ಣಾರೆ ಕಾಣದ ನ್ಯಾಯಾಧೀಶನು ಹೆಜ್ಜೆಯ ಗುರುತಿನಿಂದಲೂ ಬೆರಳಚ್ಚಿನಿಂದಲೂ ತೀರ್ಪು ಕೊಡುತ್ತಾನೆ. ಆದುದರಿಂದ ಕೇಳಬೇಕಾದುದು, ಗುರುತುಗಳೇನಾದರೂ ಉಳಿದಿವೆಯೇ, ಅವು ಈ ಒಂದೇ ಕಾರಣವನ್ನು ತೋರಿಸುತ್ತವೆಯೇ ಎಂಬುದು.

ಹುಡುಗನಿಗೆ ನಾನು ಮರುಪ್ರಶ್ನೆ ಹಾಕಿದೆ: ಹಳಗನ್ನಡವು ಹೊಸಗನ್ನಡವಾದುದನ್ನು ಯಾರು ಕಂಡಿದ್ದಾರೆ? ‘ಪಾಲ್’ ಹಾಲಾಯಿತು, ‘ಪೂ’ ಹೂವಾಯಿತು, ‘ಪುಲಿ’ ಹುಲಿಯಾಯಿತು. ರಾತ್ರಿ ಪಕಾರವನ್ನಾಡಿ ಮಲಗಿದ ತಾಯಿಯ ಮಕ್ಕಳು ಬೆಳಿಗ್ಗೆ ಹಕಾರವನ್ನಾಡುತ್ತ ಏಳಲಿಲ್ಲ. ಯಾವ ತಲೆಮಾರಿನ ತಾಯಿಮಕ್ಕಳಾದರೂ ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಕಷ್ಟಪಟ್ಟವರಲ್ಲ. ಆದರೂ ಹಲ್ಮಿಡಿಯ ಶಾಸನದ ಕನ್ನಡವನ್ನು ಇಂದು ಓದಿ ಹೇಳಿದರೆ ವಿಜಯಪುರದ ಸಂತೆಯಲ್ಲಿ ಯಾರಿಗೂ ಅರ್ಥವಾಗಲಾರದು. ನಡುವಿನ ಶಾಸನಗಳನ್ನು ಕಾಲಕ್ರಮದಲ್ಲಿ ಇಟ್ಟು ನೋಡಿದರೆ, ಸುಮಾರು ಹತ್ತನೆಯ ಶತಮಾನದಿಂದೀಚೆಗೆ ಹಕಾರವು ಅಲ್ಲೊಂದು ಇಲ್ಲೊಂದು ತಲೆದೋರಿ, ಕೆಲಕಾಲ ಪಕಾರ ಹಕಾರಗಳೆರಡೂ ಒಟ್ಟಿಗೆ ಬಾಳಿ, ಕೊನೆಗೆ ಹಕಾರವೇ ನೆಲೆನಿಂತುದು ತಿಳಿಯುತ್ತದೆ. ೞಕಾರ, ಱಕಾರಗಳು ಅಳಿದುಹೋದ ಬಗೆಯೂ ಇಂಥದೇ. ಭೂಮಿಯಲ್ಲಿ ದೊರೆಯುವ ಪುರಾತನ ಜೀವಿಗಳ ಅವಶೇಷಕ್ಕೆ ನಾವು ‘ಪಳೆಯುಳಿಕೆ’ ಎನ್ನುತ್ತೇವಷ್ಟೆ. ಎಲ್ಲರೂ ‘ಹಳೆಯ’ ಎನ್ನುವ ಈ ಕಾಲದಲ್ಲಿ ಆ ಶಬ್ದ ಮಾತ್ರ ಪಕಾರವನ್ನು ಹಿಡಿದುಕೊಂಡು ಕುಳಿತಿದೆ; ಹೆಸರೂ ಒಂದು ಪಳೆಯುಳಿಕೆಯೇ!

ಇನ್ನು ಮಂಗ ಮನುಷ್ಯನಾದನೆಂಬ ಮಾತು. ಹಾಗೆಂದು ಸಿದ್ಧಾಂತವು ಹೇಳುವುದಿಲ್ಲ. ತಮಿಳಿನಿಂದ ಕನ್ನಡ ಹುಟ್ಟಿತೆಂದು ಯಾರಾದರೂ ಅಂದರೆ ನಮಗೆ ಸಿಟ್ಟು ಬರುತ್ತದೆ. 2025ರಲ್ಲಿ ಅಂಥದೊಂದು ಮಾತಿಗೆ ನಾಡಿನಲ್ಲಿ ಎಷ್ಟು ಗದ್ದಲವಾಯಿತೆಂಬುದನ್ನು ಎಲ್ಲರೂ ಬಲ್ಲರು. ಸಿಟ್ಟು ಬಂದಾಗ ನಾವು ಕೊಡುವ ಸರಿಯಾದ ಉತ್ತರವೇನು? ಕನ್ನಡವೂ ತಮಿಳೂ ತೆಲುಗೂ ಈಗ ಎಲ್ಲಿಯೂ ಉಳಿದಿಲ್ಲದ ಒಂದು ಮೂಲದ್ರಾವಿಡದ ಮಕ್ಕಳು, ಪರಸ್ಪರ ಅಕ್ಕತಂಗಿಯರು ಎಂದಲ್ಲವೇ? ಈ ನುಡಿಗಳ ಬಂಧುತ್ವವನ್ನು 1816ರಲ್ಲಿ ಎಲ್ಲಿಸ್ ಸೂಚಿಸಿದನು. 1856ರಲ್ಲಿ ಕಾಲ್ಡ್‌ವೆಲ್ ತನ್ನ ತೌಲನಿಕ ವ್ಯಾಕರಣದಲ್ಲಿ ವಿಸ್ತಾರವಾಗಿ ಸ್ಥಾಪಿಸಿದನು. ಡಾರ್ವಿನ್ನನ ಗ್ರಂಥ ಬಂದುದು ಅದರ ಮೂರು ವರ್ಷಗಳ ಅನಂತರ. ಮಂಗನಿಗೂ ನಮಗೂ ಇರುವ ಸಂಬಂಧ ಇದೇ ಬಗೆಯದು. ಇಂದಿನ ಮಂಗ ನಮ್ಮ ಅಜ್ಜನಲ್ಲ, ದೂರದ ದಾಯಾದಿ. ಚಿಂಪಾಂಜಿ ಇನ್ನೂ ಹತ್ತಿರದ ದಾಯಾದಿ.

ದಶಾವತಾರದಲ್ಲಿ ವಿಕಾಸಸಿದ್ಧಾಂತವು ಮೊದಲೇ ಹೇಳಲ್ಪಟ್ಟಿದೆಯೆಂಬ ಮಾತು ಆಗಾಗ ಕೇಳಿಬರುತ್ತದೆ. 2019ರ ಜನವರಿಯಲ್ಲಿ ಜಾಲಂಧರದಲ್ಲಿ ನೆರೆದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿಯೂ ಇದು ಕೇಳಿಬಂದಿತು. ಮತ್ಸ್ಯ ಕೂರ್ಮಾದಿಗಳಲ್ಲಿ ಒಂದು ಹುಟ್ಟಿ ಇನ್ನೊಂದಾಯಿತೆಂದು ಯಾವ ಪುರಾಣಕರ್ತನೂ ಹೇಳಿಲ್ಲ. ಪುರಾಣದ ಪ್ರಯೋಜನವೇ ಬೇರೆ. ಅದನ್ನು ಪ್ರಾಣಿಶಾಸ್ತ್ರಕ್ಕೆ ಸಾಕ್ಷಿ ಹೇಳಲು ಕಟೆಕಟೆಗೆ ಹತ್ತಿಸುವುದು ಎರಡಕ್ಕೂ ಮಾಡುವ ಅನ್ಯಾಯ.

ಈಗ ನನ್ನ ಕಸುಬಿಗೆ ಇನ್ನೂ ಸಮೀಪವಾದ ಪ್ರಮಾಣಕ್ಕೆ ಬರುತ್ತೇನೆ. ನಮ್ಮ ಊರಿನಲ್ಲಿ ವಕೀಲಿ ಮಾಡುತ್ತಿದ್ದ ಡಾ. ಫ. ಗು. ಹಳಕಟ್ಟಿಯವರು (1880–1964) ಮನೆಮನೆ, ಮಠಮಠ ಅಲೆದು ವಚನಗಳ ಓಲೆಗರಿಯ ಕಟ್ಟುಗಳನ್ನು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದುದನ್ನು ಇಲ್ಲಿಯ ಮಕ್ಕಳೆಲ್ಲ ಬಲ್ಲರು. ಆದರೆ ಒಂದೇ ಕೃತಿಯ ಹತ್ತು ಕಟ್ಟುಗಳು ಮುಂದಿದ್ದಾಗ ಸಂಪಾದಕನು ಮಾಡುವುದೇನೆಂಬುದು ಎಲ್ಲರಿಗೂ ತಿಳಿದಿರಲಾರದು. ಮೂಲಪ್ರತಿ ಅವನ ಕೈಯಲ್ಲಿಲ್ಲ. ಅದು ಎಂದೋ ಗೆದ್ದಲ ಪಾಲಾಗಿದೆ. ಇರುವುದು ಪ್ರತಿಯ ಪ್ರತಿಯ ಪ್ರತಿ. ಯಾವ ಕಟ್ಟನ್ನು ಯಾವುದರಿಂದ ನೋಡಿ ಬರೆದರೆಂದು ಹೇಳುವ ಸಾಕ್ಷಿದಾರನಿಲ್ಲ. ಆದರೂ ಸಂಪಾದಕನು ಅವುಗಳ ವಂಶವೃಕ್ಷವನ್ನು ಬಿಡಿಸುತ್ತಾನೆ. ಈ ಶಾಸ್ತ್ರವನ್ನು ಕುರಿತು ಕನ್ನಡದಲ್ಲಿ ಪ್ರತ್ಯೇಕ ಗ್ರಂಥವನ್ನೇ ಬರೆದ ಡಾ. ಎಂ. ಎಂ. ಕಲಬುರ್ಗಿಯವರು ನಮ್ಮ ಸಿಂದಗಿ ತಾಲೂಕಿನವರು.

ವಂಶವೃಕ್ಷಕ್ಕೆ ಆಧಾರವೇನು? ಲಿಪಿಕಾರರ ತಪ್ಪುಗಳು. ಈ ಮಾತು ಮೊದಲು ಕೇಳಿದವರಿಗೆ ವಿಚಿತ್ರವಾಗಿ ತೋರಬಹುದು. ಎರಡು ಪ್ರತಿಗಳಲ್ಲಿ ಶುದ್ಧಪಾಠವು ಸಮಾನವಾಗಿದ್ದರೆ ಅದರಿಂದ ಅವುಗಳ ನಿಕಟ ಸಂಬಂಧ ಸಿದ್ಧವಾಗುವುದಿಲ್ಲ. ಇಬ್ಬರು ಜಾಗರೂಕ ಲಿಪಿಕಾರರು ಬೇರೆ ಬೇರೆಯಾಗಿ ಶುದ್ಧಪಾಠವನ್ನೇ ಉಳಿಸಿರಬಹುದು. ಆದರೆ ಬರೆಯುವಾಗ ಕಣ್ಣು ಒಂದು ಶಬ್ದದಿಂದ ಎರಡು ಸಾಲು ಕೆಳಗಿನ ಅದೇ ಶಬ್ದಕ್ಕೆ ಜಿಗಿದು ನಡುವಿನ ಮಾತುಗಳು ಬಿಟ್ಟುಹೋದವೆನ್ನಿ, ಇದಕ್ಕೆ ಗ್ರಂಥಪಾತವೆನ್ನುತ್ತಾರೆ. ಮೂರು ಊರುಗಳಲ್ಲಿ ದೊರೆತ ಮೂರು ಕಟ್ಟುಗಳಲ್ಲಿ ಸರಿಯಾಗಿ ಅದೇ ಸ್ಥಳದಲ್ಲಿ, ಅದೇ ಅಕ್ಷರದಿಂದ ಅದೇ ಅಕ್ಷರದವರೆಗೆ ಗ್ರಂಥಪಾತವಾಗಿದ್ದರೆ, ಮೂವರೂ ಲಿಪಿಕಾರರು ಬೇರೆ ಬೇರೆಯಾಗಿ ಅಲ್ಲಿಯೇ ಎಡವಿದರೆಂದು ಯಾವ ಸಂಪಾದಕನೂ ನಂಬುವುದಿಲ್ಲ. ಎಡವಿದವನೊಬ್ಬನೇ, ಅವನ ಪ್ರತಿಯಿಂದ ಮೂರೂ ಹುಟ್ಟಿವೆ. ಸಮಾನವಾದ ತಪ್ಪು ಸಮಾನವಾದ ಮೂಲವನ್ನು ತೋರಿಸುತ್ತದೆ.

ಮೇಲಿನ ಸೂತ್ರವನ್ನು ಹಿಡಿದುಕೊಂಡು ಜೀವಕೋಶದೊಳಗೆ ಹೋಗೋಣ. ಪ್ರತಿಯೊಂದು ಜೀವಕೋಶದಲ್ಲಿಯೂ ಡಿ.ಎನ್.ಎ. ಎಂಬ ಉದ್ದವಾದ ಎಳೆಯಿದೆ. ಅದು ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ಬರೆದ ಗ್ರಂಥ. ಮನುಷ್ಯನ ಗ್ರಂಥದಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ತಂದೆತಾಯಿಯರಿಂದ ಮಕ್ಕಳಿಗೆ ಇದರ ಪ್ರತಿ ಸಾಗುತ್ತದೆ. ಪ್ರತಿ ಮಾಡುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ತಪ್ಪಿದುದು ಮುಂದಿನ ಪ್ರತಿಗೂ ಹೋಗುತ್ತದೆ. ಓಲೆಗರಿಗೂ ಇದಕ್ಕೂ ಇಷ್ಟು ಸಾಮ್ಯವಿರುವಾಗ, ಸಂಪಾದಕನ ಪರೀಕ್ಷೆ ಇಲ್ಲಿಯೂ ನಡೆಯಬೇಕಲ್ಲವೇ?

‘ಸಿ’ ಜೀವಸತ್ವದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಎತ್ತು, ಆಡು, ನಾಯಿ ಮೊದಲಾದ ಪ್ರಾಣಿಗಳಿಗೆ ಇದು ಆಹಾರದಿಂದ ಬರಬೇಕಾಗಿಲ್ಲ. ಅವುಗಳ ದೇಹವೇ ಅದನ್ನು ತಯಾರಿಸಿಕೊಳ್ಳುತ್ತದೆ. ಇಂಡಿಯ ಲಿಂಬೆಹಣ್ಣನ್ನು ಎಂದೂ ಮೂಸಿ ನೋಡದ ಎತ್ತಿಗೆ ಆ ಜೀವಸತ್ವದ ಕೊರತೆಯ ರೋಗ ಬರುವುದಿಲ್ಲ. ನಮಗೆ ಬರುತ್ತದೆ, ವಸಡಿನಲ್ಲಿ ರಕ್ತ ಒಸರಿ, ಹಲ್ಲು ಅಲುಗಿ, ದೂರಪ್ರಯಾಣದ ಹಡಗುಗಳಲ್ಲಿ ನಾವಿಕರು ಇದರಿಂದಲೇ ಸಾಯುತ್ತಿದ್ದರು. ಆ ಜೀವಸತ್ವದ ತಯಾರಿಕೆಯ ಕೊನೆಯ ಹಂತಕ್ಕೆ ಬೇಕಾದ ಕಿಣ್ವ ನಮ್ಮಲ್ಲಿಲ್ಲ. ಚಿಂಪಾಂಜಿಯಲ್ಲಿಯೂ ಇಲ್ಲ, ಸಾಮಾನ್ಯ ಮಂಗನಲ್ಲಿಯೂ ಇಲ್ಲ. ನಾವು ಆ ಕಿಣ್ವವುಳ್ಳ ಪ್ರಾಣಿಗಳ ಸಂತಾನವಾಗಿದ್ದರೆ, ಅದನ್ನು ಹೇಳುವ ವಾಕ್ಯವು ನಮ್ಮ ಗ್ರಂಥದಲ್ಲಿ ಪೂರ್ತಿ ಅಳಿಯದೆ ಮುರಿದುಬಿದ್ದ ಸ್ಥಿತಿಯಲ್ಲಾದರೂ ಇರಬೇಕೆಂಬುದು ನಿರೀಕ್ಷೆ. 1990ರ ದಶಕದಲ್ಲಿ ಜಪಾನಿನ ಸಂಶೋಧಕರು ಹುಡುಕಿದರು, ಅದು ದೊರೆಯಿತು. ಬಹುಭಾಗ ಬಿಟ್ಟುಹೋಗಿದೆ, ಉಳಿದುದರಲ್ಲಿ ಅಕ್ಷರಗಳು ಕೆಟ್ಟಿವೆ, ಅರ್ಥವಾಗುವುದಿಲ್ಲ. ಅದೇ ಸ್ಥಳದಲ್ಲಿ ಚಿಂಪಾಂಜಿ, ಒರಾಂಗುಟಾನ್, ಮಂಗ ಇವುಗಳ ಗ್ರಂಥವನ್ನು ತೆರೆದು ನೋಡಿದಾಗ ಅದೇ ಮುರಿದ ವಾಕ್ಯ, ಅದೇ ಕೆಲವು ತಪ್ಪುಗಳು ಕಂಡವು. ಗಿನಿಪಿಗ್ ಎಂಬ ಸಣ್ಣ ಪ್ರಾಣಿಯಲ್ಲಿಯೂ ಈ ಕಿಣ್ವವಿಲ್ಲ. ಆದರೆ ಅದರ ವಾಕ್ಯ ಮುರಿದಿರುವ ಬಗೆ ಬೇರೆ. ಬೇರೊಬ್ಬ ಲಿಪಿಕಾರ ಬೇರೊಂದೆಡೆ ಎಡವಿದಂತೆ.

ಇಲ್ಲಿ ಒಬ್ಬರು ಆಕ್ಷೇಪಿಸಬಹುದು: ಕರ್ತೃವೊಬ್ಬನೇ ಆದುದರಿಂದ ಮನುಷ್ಯನ ಕೈಯೂ ಮಂಗನ ಕೈಯೂ ಒಂದೇ ಮಾದರಿಯಲ್ಲಿವೆ, ಹೋಲಿಕೆಯಿಂದ ಬಂಧುತ್ವ ಹೇಗೆ ಸಿದ್ಧಿಸುತ್ತದೆ? ಹೋಲಿಕೆಯ ಮಟ್ಟಿಗೆ ಈ ಆಕ್ಷೇಪಕ್ಕೆ ತೂಕವಿದೆಯೆಂದು ನಾನು ಒಪ್ಪುತ್ತೇನೆ. ಉಪಯುಕ್ತವಾದ ಹೋಲಿಕೆ ಶುದ್ಧಪಾಠವಿದ್ದಂತೆ, ಅದು ನಿರ್ಣಾಯಕವಲ್ಲ. ಕೆಲಸಕ್ಕೆ ಬಾರದ ಒಂದೇ ತಪ್ಪು ಒಂದೇ ಸ್ಥಳದಲ್ಲಿ ಏಕಿದೆಯೆಂಬುದಕ್ಕೆ ಆ ಆಕ್ಷೇಪದಲ್ಲಿ ಉತ್ತರವಿಲ್ಲ. ಗ್ರಂಥಸಂಪಾದಕನಿಗೆ ಇದಕ್ಕಿಂತ ಬಲವಾದ ಪ್ರಮಾಣ ಬೇಕಾಗುವುದಿಲ್ಲ.

ಇನ್ನೊಂದು ಉದಾಹರಣೆ ಇದಕ್ಕಿಂತಲೂ ಸ್ವಾರಸ್ಯವಾದುದು. ಡಿ.ಎನ್.ಎ. ಎಳೆಯು ವರ್ಣತಂತುಗಳೆಂಬ ಕಟ್ಟುಗಳಾಗಿ ಜೋಡಣೆಗೊಂಡಿದೆ. ಚಿಂಪಾಂಜಿ, ಗೊರಿಲ್ಲ, ಒರಾಂಗುಟಾನ್‌ಗಳಲ್ಲಿ 24 ಜೊತೆ, ಮನುಷ್ಯನಲ್ಲಿ 23 ಜೊತೆ. ಒಂದು ಜೊತೆ ಎಲ್ಲಿ ಹೋಯಿತು? ಕಟ್ಟೊಂದು ಪೂರ್ತಿಯಾಗಿ ಕಳೆದುಹೋಗಿದ್ದರೆ ಪ್ರಾಣಿ ಬದುಕುತ್ತಿರಲಿಲ್ಲ. ಎರಡು ಕಟ್ಟುಗಳನ್ನು ಯಾರೋ ಒಂದೇ ದಾರದಲ್ಲಿ ಪೋಣಿಸಿರಬೇಕು. ಓಲೆಗರಿಯ ಕಟ್ಟಿಗೆ ಎರಡೂ ಕೊನೆಗೆ ಮರದ ಹಲಗೆಗಳಿರುವಂತೆ ವರ್ಣತಂತುವಿನ ಎರಡೂ ತುದಿಗಳಲ್ಲಿ ತುದಿಯನ್ನು ಸೂಚಿಸುವ ವಿಶಿಷ್ಟ ಅಕ್ಷರಾವಳಿ ಪುನಃ ಪುನಃ ಬರುತ್ತದೆ. ಎರಡು ಕಟ್ಟು ಕೂಡಿದ್ದರೆ ಹಲಗೆಯ ಗುರುತು ನಡುವೆ ಸಿಗಬೇಕು. 1991ರಲ್ಲಿ ಅದು ಸಿಕ್ಕಿತು. ಮನುಷ್ಯನ ಎರಡನೆಯ ವರ್ಣತಂತುವಿನ ಮಧ್ಯದಲ್ಲಿ, ಇರಬಾರದ ಸ್ಥಳದಲ್ಲಿ, ತುದಿಯ ಅಕ್ಷರಾವಳಿಗಳು ಎದುರುಬದುರಾಗಿ ಕೂಡಿಕೊಂಡಿವೆ. ಪ್ರತಿಯೊಂದು ವರ್ಣತಂತುವಿಗೆ ಒಂದೇ ಇರಬೇಕಾದ ನಡುಗಂಟು ಇದರಲ್ಲಿ ಒಂದು ಸಕ್ರಿಯವಾಗಿದ್ದು, ಇನ್ನೊಂದರ ಅವಶೇಷವೂ ಇದೆ. ಅದರ ಅಕ್ಷರಗಳ ಕ್ರಮವು ಚಿಂಪಾಂಜಿಯ ಎರಡು ಬಿಡಿ ವರ್ಣತಂತುಗಳಿಗೆ ಹೊಂದುತ್ತದೆ.

ಉಪಮಾನಕ್ಕೆ ಮಿತಿಯಿದೆಯೆಂಬುದನ್ನು ಮರೆಯಬಾರದು. ಲಿಪಿಕಾರನು ಎರಡು ಪ್ರತಿಗಳನ್ನು ಮುಂದಿಟ್ಟುಕೊಂಡು ಪಾಠಗಳನ್ನು ಬೆರೆಸಬಲ್ಲನು. ಎತ್ತು ಆಡಿನಿಂದ ಅಕ್ಷರಗಳನ್ನು ಎರವಲು ತರುವಂತಿಲ್ಲ. ಸೂಕ್ಷ್ಮಾಣುಗಳಲ್ಲಿ ಮಾತ್ರ ಅಂಥ ಎರವಲು ಸಾಮಾನ್ಯ. ಭಾಷೆ ಬದಲಾಗುವ ಕಾರಣಗಳೂ ಪ್ರಾಣಿ ಬದಲಾಗುವ ಕಾರಣಗಳೂ ಒಂದೇ ಅಲ್ಲ. ಆದರೆ ಮೂಲವನ್ನು ಹುಡುಕುವ ತರ್ಕ ಒಂದೇ.

ಉಪಯೋಗ ಹೋದ ಮೇಲೂ ಉಳಿದುಕೊಂಡ ವಸ್ತುಗಳು ಇನ್ನೊಂದು ಬಗೆಯ ಸಾಕ್ಷ್ಯ. ಅಕ್ಷರಮಾಲೆಯಲ್ಲಿ ಮಕ್ಕಳು ‘ಙ’ ಎಂದು ಉಚ್ಚರಿಸಿ ನಗುತ್ತಾರೆ. ಇಂದಿನ ಬರವಣಿಗೆಯಲ್ಲಿ ಅದರ ಕೆಲಸವನ್ನೆಲ್ಲ ಅನುಸ್ವಾರವೇ ಮಾಡುತ್ತದೆ. ಆದರೂ ಅದು ತನ್ನ ಪಂಕ್ತಿಯಲ್ಲಿ ಕುಳಿತಿದೆ. ನಮ್ಮ ಬೆನ್ನೆಲುಬಿನ ಕೊನೆಯಲ್ಲಿ ಬಾಲವಿಲ್ಲದ ಬಾಲದ ಮೂಳೆ ಕುಳಿತಿರುವುದೂ ಹಾಗೆಯೇ. ಅಲಂಕಾರಶಾಸ್ತ್ರದಲ್ಲಿ ಎಂಟು ಸಾತ್ತ್ವಿಕಭಾವಗಳನ್ನು ಎಣಿಸುತ್ತಾರೆ, ರೋಮಾಂಚ ಅವುಗಳಲ್ಲೊಂದು. ಭಯದಲ್ಲಿಯೂ ಹರ್ಷದಲ್ಲಿಯೂ ಚಳಿಯಲ್ಲಿಯೂ ಮೈಗೂದಲು ನಿಮಿರುತ್ತದೆಂದು ಬರೆದರು, ಏಕೆ ನಿಮಿರುತ್ತದೆಂದು ಹೇಳಲಿಲ್ಲ. ನಾಯಿಯನ್ನು ಕಂಡ ಬೆಕ್ಕನ್ನು ನೋಡಿ. ಅದರ ರೋಮ ನಿಮಿರಿದಾಗ ಅದು ಎರಡರಷ್ಟು ದೊಡ್ಡದಾಗಿ ತೋರುತ್ತದೆ. ಚಳಿಗೆ ನಿಮಿರಿದಾಗ ಮೈಶಾಖ ಉಳಿಯುತ್ತದೆ. ತುಪ್ಪಳವಿಲ್ಲದ ನಮಗೆ ಇವೆರಡರಿಂದಲೂ ಪ್ರಯೋಜನವಿಲ್ಲ. ಆದರೂ ಒಂದೊಂದು ಕೂದಲಿನ ಬುಡದಲ್ಲಿ ಅದನ್ನೆತ್ತುವ ಸಣ್ಣ ಸ್ನಾಯು ಇಂದಿಗೂ ಇದೆ. ಕವಿಗಳು ಅದನ್ನು ರಸಕ್ಕೆ ಬಳಸಿಕೊಂಡುದು ನಮ್ಮ ಭಾಗ್ಯ.

ಇಷ್ಟರವರೆಗೆ ಜೀವಂತ ಪ್ರಾಣಿಗಳ ಸಾಕ್ಷ್ಯವನ್ನು ನೋಡಿದೆವು. ನೆಲದೊಳಗಿನ ಸಾಕ್ಷ್ಯವೂ ದೂರದಲ್ಲಿಲ್ಲ. ಗೋಳಗುಮ್ಮಟವನ್ನು ಕಟ್ಟಿದ ಕರಿಕಲ್ಲು, ಟಿಕೋಟಾ ಬಬಲೇಶ್ವರಗಳ ಎರೆಭೂಮಿಗೆ ತಾಯಿಯಾದ ಕಲ್ಲು, ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದು ಆರಿದ ಲಾವಾರಸ. ಕೃಷ್ಣೆಯನ್ನು ದಾಟಿ ತೆಂಕಣಕ್ಕೆ ಹೋದರೆ, 1997ರವರೆಗೆ ನಮ್ಮ ಜಿಲ್ಲೆಯೇ ಆಗಿದ್ದ ಬಾಗಲಕೋಟೆಯ ಸೀಮೆಯಲ್ಲಿ, ಈ ಲಾವಾರಸಕ್ಕಿಂತ ಬಹಳ ಹಳೆಯ ಕಲಾದಗಿ ಶಿಲಾವರ್ಗ ಮೇಲೆ ಕಾಣಿಸುತ್ತದೆ. ಅಲ್ಲಿಯ ಬಾಗಲಕೋಟೆ ಪದರುಗಳು ನೂರು ಕೋಟಿ ವರ್ಷಗಳಿಗೂ ಹಿಂದಿನವು. ಆ ಸುಣ್ಣಗಲ್ಲುಗಳಲ್ಲಿ ಉಳ್ಳಾಗಡ್ಡಿಯನ್ನು ಹೆಚ್ಚಿದಂತೆ ಪದರು ಪದರಾಗಿ ಗುಮ್ಮಟದ ಆಕಾರದ ಗುರುತುಗಳಿವೆ. ಸ್ಟ್ರೊಮ್ಯಾಟೊಲೈಟ್ ಎಂದು ಅವುಗಳ ಹೆಸರು. ಆಳವಿಲ್ಲದ ಕಡಲಿನಲ್ಲಿ ಬೆಳೆದ ಸೂಕ್ಷ್ಮಜೀವಿಗಳ ಪಾಚಿಹಾಸುಗಳು ಅವನ್ನು ಕಟ್ಟಿದವು. ಆ ಕಲ್ಲಿನಲ್ಲಿ ಎಲುಬಿಲ್ಲ, ಹಲ್ಲಿಲ್ಲ, ಎಲೆಯ ಅಚ್ಚೂ ಇಲ್ಲ. ಇನ್ನು ಈಚಿನ ಕಾಲಕ್ಕೆ ಬಂದರೆ, ಭಾರತದ ಭೂವಿಜ್ಞಾನ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಎಂಬಾತನು ಗೋಕಾಕದ ಸಮೀಪದ ಮೆಕ್ಕಲಿನಲ್ಲಿ ಒಂದು ಖಡ್ಗಮೃಗದ ಅವಶೇಷವನ್ನು ಕಂಡು, 1874ರಲ್ಲಿ ಅದನ್ನು ವರ್ಣಿಸಿ, ‘ರೈನಾಸಿರಸ್ ಡೆಕ್ಕನೆನ್ಸಿಸ್’ ಎಂದು ಹೆಸರಿಟ್ಟನು. ಇಂದು ಖಡ್ಗಮೃಗ ಬೇಕೆಂದರೆ ಅಸ್ಸಾಮಿಗೆ ಹೋಗಬೇಕು. ಗೋಕಾಕದ್ದು ಅದಕ್ಕೆ ಬಂಧುವಾದರೂ ಅದೇ ಅಲ್ಲವೆಂದು ಫೂಟನ ಅಭಿಪ್ರಾಯ.

ಗಮನಿಸಬೇಕಾದುದು ಈ ಕ್ರಮ. ಹಳೆಯ ಪದರಿನಲ್ಲಿ ಪಾಚಿ, ಹೊಸ ಮೆಕ್ಕಲಿನಲ್ಲಿ ಖಡ್ಗಮೃಗ. ಜಗತ್ತಿನಲ್ಲಿ ಎಲ್ಲಿ ಅಗೆದರೂ ಈ ಕ್ರಮ ತಲೆಕೆಳಗಾದುದಿಲ್ಲ. ಸಿದ್ಧಾಂತವು ಯಾವುದರಿಂದ ಮುರಿದುಬೀಳುತ್ತದೆಂದು ಕೇಳಿದವರಿಗೆ ಅತಿಪ್ರಾಚೀನ ಶಿಲೆಯಲ್ಲಿ ಒಂದು ಮೊಲದ ಪಳೆಯುಳಿಕೆ ಸಾಕೆಂದು ಜೆ. ಬಿ. ಎಸ್. ಹಾಲ್ಡೇನ್ ಹೇಳಿದನೆಂದು ಪ್ರಸಿದ್ಧಿ. ಈತನು 1957ರಲ್ಲಿ ಇಂಗ್ಲೆಂಡನ್ನು ಬಿಟ್ಟು ಭಾರತಕ್ಕೆ ಬಂದು ಇಲ್ಲಿಯೇ ಕೊನೆಯುಸಿರೆಳೆದ ಜೀವಶಾಸ್ತ್ರಜ್ಞ. ಬಾಗಲಕೋಟೆಯ ಸುಣ್ಣಗಲ್ಲಿನ ಗಣಿಗಳು ಬಹಳ ವರ್ಷಗಳಿಂದ ನಡೆದಿವೆ. ಮೊಲ ಇನ್ನೂ ಸಿಕ್ಕಿಲ್ಲ.

ನಮ್ಮ ಸೀಮೆಯ ಶಿಲಾಗ್ರಂಥದಲ್ಲಿ ನಡುವಿನ ಪುಟಗಳೇ ಇಲ್ಲ. ನೂರು ಕೋಟಿ ವರ್ಷಗಳ ಹಿಂದಿನ ಪುಟ, ಅನಂತರ ಒಮ್ಮೆಲೇ ಲಾವಾರಸ. ಒಂದು ಪ್ರಾಣಿವಂಶ ಇನ್ನೊಂದಾಗುವ ನಡುವಿನ ರೂಪಗಳನ್ನು ನೋಡಬೇಕಾದರೆ ಬೇರೆ ಸೀಮೆಗೆ ಹೋಗಬೇಕು. ಮೀನಿನಂತೆ ಈಜುವ ತಿಮಿಂಗಿಲವು ಹಾಲೂಡುವ ಪ್ರಾಣಿಯೆಂಬುದು ಎಲ್ಲರಿಗೂ ತಿಳಿದಿದೆ. ಅದು ನೆಲದ ನಾಲ್ಕು ಕಾಲಿನ ಪ್ರಾಣಿಗಳಿಂದ ಬಂದುದಾದರೆ ಆ ಪ್ರಾಣಿ ಎಲ್ಲಿ? ಎ. ರಂಗರಾವ್ ಎಂಬ ಭಾರತೀಯ ಭೂವಿಜ್ಞಾನಿಯು ಜಮ್ಮು ಪ್ರಾಂತದ ಕಾಲಾಕೋಟದಲ್ಲಿ ಬಂಡೆಗಳನ್ನು ಸಂಗ್ರಹಿಸಿ, ಅವುಗಳಲ್ಲಿ ಕಂಡ ಹಲ್ಲು ದವಡೆಗಳಿಂದ 1971ರಲ್ಲಿ ‘ಇಂಡೋಹಯಸ್’ ಎಂಬ ಪ್ರಾಣಿಯನ್ನು ಗುರುತಿಸಿದ್ದನು. ಉಳಿದ ಬಂಡೆಗಳು ಒಡೆಯದೆಯೇ ಉಳಿದವು. ಅವನ ಮರಣಾನಂತರ ಪತ್ನಿಯು ಅವುಗಳನ್ನು ಅಮೆರಿಕದ ವಿಜ್ಞಾನಿ ಥೀವಿಸ್ಸೆನ್‌ಗೆ ಕೊಟ್ಟಳು. ಕಲ್ಲನ್ನು ಬಿಡಿಸುವಾಗ ತಲೆಬುರುಡೆಯೊಂದರ ಕಿವಿಯ ಎಲುಬು ಮುರಿಯಿತು. ಮುರಿದಾಗ ಅದರ ಒಳಗೋಡೆಯು ಅಸಾಧಾರಣವಾಗಿ ದಪ್ಪವಾಗಿರುವುದು ಕಂಡಿತು. ಅಲ್ಲಿಯವರೆಗೆ ತಿಮಿಂಗಿಲ ವಂಶಕ್ಕೆ ಮಾತ್ರ ಇರುವುದೆಂದು ತಿಳಿದಿದ್ದ ಲಕ್ಷಣವದು. ಸುಮಾರು 4 ಕೋಟಿ 80 ಲಕ್ಷ ವರ್ಷಗಳ ಹಿಂದೆ ಬಾಳಿದ, ಬೆಕ್ಕಿನ ಗಾತ್ರದ, ಗೊರಸುಳ್ಳ ಈ ಪ್ರಾಣಿ ತಿಮಿಂಗಿಲಗಳ ನಿಕಟ ಬಂಧುವೆಂದು 2007ರಲ್ಲಿ ಪ್ರಕಟವಾಯಿತು. ಗಂಡನು ಕೂಡಿಟ್ಟ ಕಲ್ಲುಗಳನ್ನು ಕಸವೆಂದು ಹೊರಗೆಸೆಯದ ಆ ತಾಯಿಗೆ ವಿಜ್ಞಾನವು ಋಣಿಯಾಗಿದೆ. ಓಲೆಗರಿಗಳ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಎಲ್ಲರೂ ಇಷ್ಟು ಎಚ್ಚರ ವಹಿಸಲಿಲ್ಲ.

ಕೊನೆಯದಾಗಿ ಪ್ರತ್ಯಕ್ಷವೇ ಬೇಕೆನ್ನುವವರಿಗೆ ಪ್ರತ್ಯಕ್ಷವೂ ಇದೆ. ಟಿಕೋಟಾದಿಂದ ಬಬಲೇಶ್ವರದವರೆಗೆ ದ್ರಾಕ್ಷಿಯ ಪಡಗಳೂ ಒಣದ್ರಾಕ್ಷಿಯ ಶೆಡ್ಡುಗಳೂ ಹಬ್ಬಿವೆ. ಬೀಜವಿಲ್ಲದ ಥಾಮ್ಸನ್ ತಳಿಯನ್ನು ಕಡ್ಡಿ ನೆಟ್ಟು ಬೆಳೆಸುತ್ತಾರೆ. ಆದುದರಿಂದ ಎಲ್ಲ ಬಳ್ಳಿಗಳೂ ಒಂದೇ ಬಳ್ಳಿಯ ತುಂಡುಗಳು, ಒಂದೇ ಗ್ರಂಥದ ಪ್ರತಿಗಳು. ಹೀಗಿದ್ದೂ ಸಾಂಗಲಿ ಜಿಲ್ಲೆಯ ತಾಸಗಾಂವ ಸೀಮೆಯ ಒಂದು ತೋಟದಲ್ಲಿ ಬೇರೆ ಬಗೆಯ ಬಳ್ಳಿ ಕಂಡಿತು. ಅದನ್ನು ಬೇರ್ಪಡಿಸಿ ಬೆಳೆಸಿದುದೇ ‘ತಾಸ್-ಎ-ಗಣೇಶ’. ಸೊಲ್ಲಾಪುರ ಜಿಲ್ಲೆಯ ನಾನ್ನಜದಲ್ಲಿ ಉದ್ದ ಹಣ್ಣಿನ ‘ಸೊನಾಕಾ’ ಹೀಗೆಯೇ ದೊರೆಯಿತು. ಪ್ರತಿ ಮಾಡುವಾಗ ತಾನಾಗಿ ಬಂದ ಪಾಠಾಂತರವನ್ನು ರೈತನ ಕಣ್ಣು ಹಿಡಿಯಿತು, ಕೈ ಆರಿಸಿತು. ಮುಧೋಳದ ಬೇಟೆನಾಯಿಯೂ ನಮ್ಮ ಮಾಲದಂಡಿ ಜೋಳವೂ ಇಂಥ ಆಯ್ಕೆಯ ಫಲವೇ. ಡಾರ್ವಿನ್ನನು ತನ್ನ ಗ್ರಂಥವನ್ನು ಪಾರಿವಾಳ ಸಾಕುವವರ ಆಯ್ಕೆಯಿಂದಲೇ ಪ್ರಾರಂಭಿಸಿದ್ದಾನೆ.

ಮನುಷ್ಯನ ಕೈಯಿಲ್ಲದೆಯೂ ಆಯ್ಕೆ ನಡೆಯುವುದೆಂಬುದು ಅವನ ಮುಖ್ಯ ಪ್ರತಿಜ್ಞೆ. “ಎಣ್ಣಿ ಹೊಡದು ಹೊಡದು ಹುಳಕ್ಕ ರೂಢಿ ಆಗೇತಿ” ಎಂದು ನಮ್ಮ ರೈತರು ಹೇಳುತ್ತಾರೆ. ವಿಷಯ ಸತ್ಯ, ವಿವರಣೆ ಸ್ವಲ್ಪ ತಿದ್ದುವಂಥದು. ಹುಳಕ್ಕೆ ರೂಢಿಯಾಗುವುದಿಲ್ಲ, ಅದು ಸಾಯುತ್ತದೆ. ಲಕ್ಷದಲ್ಲಿ ಒಂದು, ಔಷಧ ಬರುವುದಕ್ಕೆ ಮೊದಲೇ ತನ್ನ ಗ್ರಂಥದಲ್ಲಿ ಒಂದು ಅಕ್ಷರ ಬೇರೆಯಾಗಿದ್ದ ಕಾರಣದಿಂದ ಬದುಕುತ್ತದೆ. ಮರುವರ್ಷದ ಹುಳಗಳು ಅದರ ಸಂತಾನ. 2002ರಲ್ಲಿ ನಮ್ಮ ದೇಶಕ್ಕೆ ಬಂದ ಬಿ.ಟಿ. ಹತ್ತಿಯಲ್ಲಿ ಕಾಯಿಕೊರಕವನ್ನು ಕೊಲ್ಲುವ ವಿಷ ಗಿಡದಲ್ಲಿಯೇ ಇತ್ತು. 2010ರ ಹೊತ್ತಿಗೆ ಗುಜರಾತದಲ್ಲಿ ಗುಲಾಬಿ ಕಾಯಿಕೊರಕವು ಅದಕ್ಕೆ ಬಗ್ಗುತ್ತಿಲ್ಲವೆಂದು ಬೀಜದ ಕಂಪನಿಯೇ ಒಪ್ಪಿತು. ಎಂಟು ವರ್ಷ!

ದ್ರಾಕ್ಷಿಯ ಡೌನಿ, ಎಂದರೆ ಬೂಜು ತುಪ್ಪಟ ರೋಗದ ವೃತ್ತಾಂತ ಇನ್ನೂ ಸೂಕ್ಷ್ಮವಾದುದು. 1990ರ ದಶಕದ ಕೊನೆಗೆ ಸ್ಟ್ರೊಬಿಲ್ಯುರಿನ್ ಎಂಬ ಗುಂಪಿನ ಹೊಸ ಔಷಧಗಳು ಯುರೋಪಿನ ದ್ರಾಕ್ಷಿತೋಟಗಳಿಗೆ ಬಂದವು. ಕೆಲವೇ ವರ್ಷಗಳಲ್ಲಿ ಬೂಜು ಅವುಗಳಿಗೆ ಬಗ್ಗದಾಯಿತು. ವಿಜ್ಞಾನಿಗಳು ಅದರ ಗ್ರಂಥವನ್ನು ಓದಿ ನೋಡಿದರು. ಔಷಧವು ಹಿಡಿದುಕೊಳ್ಳುವ ಪ್ರೋಟೀನಿನ ವಾಕ್ಯದಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು: ‘ಜಿ’ ಇದ್ದಲ್ಲಿ ‘ಸಿ’. ಒಂದಕ್ಷರದ ಪಾಠಾಂತರದಿಂದ ಔಷಧಕ್ಕೆ ಹಿಡಿತ ತಪ್ಪಿತು. ಆ ಪಾಠಾಂತರವುಳ್ಳ ಬೂಜು ಮಾತ್ರ ಉಳಿದು ತೋಟವನ್ನೆಲ್ಲ ವ್ಯಾಪಿಸಿತು. ಒಂದೇ ಗುಂಪಿನ ಔಷಧವನ್ನು ಮೇಲಿಂದ ಮೇಲೆ ಹೊಡೆಯದೆ ಬೇರೆ ಬೇರೆ ಗುಂಪಿನವನ್ನು ಸರದಿಯ ಮೇಲೆ ಬಳಸಿರೆಂದು ಕೃಷಿ ವಿಜ್ಞಾನಿಗಳು ಬೆಳೆಗಾರರಿಗೆ ಹೇಳುವುದು ಇದೇ ಕಾರಣಕ್ಕೆ. ಒಂದಕ್ಕೆ ಬಗ್ಗದ ಬೂಜು ಇನ್ನೊಂದಕ್ಕೆ ಸಾಯುತ್ತದೆ. ಎರಡರಿಂದಲೂ ತಪ್ಪಿಸಿಕೊಳ್ಳಬೇಕಾದರೆ ಒಂದೇ ಪ್ರತಿಯಲ್ಲಿ ಎರಡು ಬೇರೆ ಬೇರೆ ಸ್ಥಳಗಳ ಅಕ್ಷರಗಳು ಒಟ್ಟಿಗೆ ತಪ್ಪಬೇಕು. ಅಂಥ ಲಿಪಿಕಾರ ಬಹಳ ವಿರಳ.